ನೀನು ಸ್ವತಂತ್ರ, ಈಗ ಸುಮ್ನೆ ಕೂತ್ಕೋ

ನೀವು ಬೆಂಗಳೂರಿನ ಯಾವುದೋ ಕಂಪನಿಯಲ್ಲಿ ನಾಲ್ಕು ವರ್ಷ ದುಡಿದಿದ್ದೀರಿ ಅಂದ್ಕೊಳ್ಳಿ. ಕಾಂಟ್ರಾಕ್ಟ್ ಮುಗೀತು. ಎಚ್‌ಆರ್ ಮೇಡಂ ನಗುನಗುತ್ತಾ ಬಂದು, "ಇವತ್ತಿಂದ ನೀವು ಫ್ರೀ, ಎಲ್ಲಿ ಬೇಕಾದ್ರೂ ಇಂಟರ್‌ವ್ಯೂ ಕೊಡಿ" ಅಂತಾರೆ. ನೀವು ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಬೆಂದು, ನಾಲ್ಕು ಕಡೆ ಅಲೆದು, ಕೊನೆಗೆ ಒಂದು ಒಳ್ಳೆ ಆಫರ್ ಲೆಟರ್ ತರುತ್ತೀರಿ. ಅದೇ ಮೇಡಂ ಆ ಲೆಟರನ್ನು ನಿಮ್ಮ ಕೈಯಿಂದ ತಗೊಂಡು, ಸಂಬಳದ ಸಾಲಿನ ಮೇಲೆ ಬೆರಳಿಟ್ಟು, "ಇಷ್ಟೇನಾ? ನಾವೂ ಇಷ್ಟೇ ಕೊಡ್ತೀವಿ, ಹೋಗಿ ನಿಮ್ಮ ಸೀಟಲ್ಲಿ ಕೂತ್ಕೊಳ್ಳಿ" ಅಂತಾರೆ. ಮ್ಯಾನೇಜರ್ ಮುಖ ಕಂಡ್ರೆ ಆಗಲ್ಲ ಅಂತಲೇ ನೀವು ಹೊರಟಿದ್ದಿರಿ ಅನ್ನೋದನ್ನು ಯಾರೂ ಕೇಳಲ್ಲ. ಕೂರಲೇಬೇಕು.

ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್‌ನಲ್ಲಿ ಈ ಸ್ಥಿತಿಗೆ ರಿಸ್ಟ್ರಿಕ್ಟೆಡ್ ಫ್ರೀ ಏಜೆಂಟ್ ಅಂತ ಹೆಸರು. ಕಟ್ಟಿಹಾಕಿದ ಸ್ವತಂತ್ರ ವ್ಯಕ್ತಿ! ಡ್ರಾಫ್ಟ್‌ನಲ್ಲಿ, ಅಂದ್ರೆ ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, ಮೊದಲ ಸುತ್ತಿನಲ್ಲಿ ಆಯ್ಕೆಯಾದ ಹುಡುಗನ ನಾಲ್ಕು ವರ್ಷದ ಕಾಂಟ್ರಾಕ್ಟ್ ಮುಗಿದ ಮೇಲೆ ತಂಡದವರು ಕ್ವಾಲಿಫೈಯಿಂಗ್ ಆಫರ್ ಅನ್ನೋ, ಇನ್ನೊಂದು ವರ್ಷ ಇರು ಅನ್ನುವ ಕಾಗದ ಕೊಟ್ಟರೆ ಸಾಕು, ಅವನ ಕಾಲಿಗೆ ಹಗ್ಗ ಬಿತ್ತು. ಬೇರೆಯವರು ಎಷ್ಟಕ್ಕೆ ಕರೆದರೂ, ಅದೇ ದರಕ್ಕೆ ಉಳಿಸಿಕೊಳ್ಳುವ ಹಕ್ಕು ಹಳೇ ತಂಡದ್ದು. ಐಪಿಎಲ್ ನೋಡುವವರಿಗೆ ಇದು ಹೊಸದಲ್ಲ, ನಮ್ಮಲ್ಲಿ ರೈಟ್ ಟು ಮ್ಯಾಚ್ ಕಾರ್ಡ್ ಇದೆ. 2024ರ ಜೆದ್ದಾ ಹರಾಜಿನಲ್ಲಿ ನಮ್ಮ ಆರ್‌ಸಿಬಿ ಆ ಕಾರ್ಡನ್ನು ಕೈಯಲ್ಲಿ ಇಟ್ಟುಕೊಂಡೇ ವಿಲ್ ಜ್ಯಾಕ್ಸ್‌ನನ್ನು 5.25 ಕೋಟಿಗೆ ಮುಂಬೈಗೆ ಬಿಟ್ಟುಕೊಟ್ಟಿತು, ಆಕಾಶ್ ಅಂಬಾನಿ ಎದ್ದು ಬಂದು ಕೈ ಕುಲುಕಿ ಹೋದರು. ಇರಲಿ, ಆ ಗಾಯ ಈಗ ಯಾಕೆ ಕೆರೀಬೇಕು. ನಮ್ಮ ಹರಾಜಿನಲ್ಲಿ ಕನಿಷ್ಠ ಅರ್ಧ ನಿಮಿಷದಲ್ಲಿ ಕಥೆ ಮುಗಿಯುತ್ತೆ. ಅಲ್ಲಿ ಇಡೀ ಬೇಸಿಗೆ ಬೇಕು.

2025ರ ಬೇಸಿಗೆಯನ್ನೇ ನೋಡಿ. ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದ ಜೊನಾಥನ್ ಕುಮಿಂಗಾ. ಕಾಂಗೋದ ಗೋಮಾ ಊರಿನ ಹುಡುಗ, 2021ರ ಡ್ರಾಫ್ಟ್‌ನಲ್ಲಿ ಏಳನೆಯವನಾಗಿ ಬಂದವನು. ಕೋಚ್ ಸ್ಟೀವ್ ಕೆರ್‌ಗೆ ಅವನು ಒಂದು ವಾರ ಬೇಕು, ಇನ್ನೊಂದು ವಾರ ಬೇಡ. ಮೇ ತಿಂಗಳಲ್ಲಿ ತಂಡದ ತಾರೆ ಸ್ಟೆಫ್ ಕರಿ ತೊಡೆ ಹಿಡಿದುಕೊಂಡು ಕೂತಾಗ, ಬೆಂಚಿನಿಂದ ಎದ್ದು ಬಂದ ಇದೇ ಹುಡುಗ ಮಿನೆಸೋಟಾ ಮೇಲೆ 30 ಪಾಯಿಂಟ್ ಹೊಡೆದ. ಇವನು ಬೇಕೋ ಬೇಡವೋ ಅಂತ ತಂಡಕ್ಕೇ ಗೊತ್ತಿರಲಿಲ್ಲ. ಆದ್ರೆ ಬೇರೆಯವರಿಗೆ ಸುಮ್ನೆ ಕೊಡಲ್ಲ ಅನ್ನೋದು ಮಾತ್ರ ಖಚಿತ. ನಮ್ಮ ಮನೆ ಅಟ್ಟದ ಮೇಲೆ ಇರುವ ಹಿತ್ತಾಳೆ ಹಂಡೆ ತರ. ನೀರು ಕಾಯಿಸಲ್ಲ, ಕೇಳಿದವರಿಗೆ ಕೊಡೋದೂ ಇಲ್ಲ.

ಕ್ವಾಲಿಫೈಯಿಂಗ್ ಆಫರ್ ಒಂದು ವರ್ಷಕ್ಕೆ 7.9 ಮಿಲಿಯನ್ ಡಾಲರ್. ರೂಪಾಯಿಯಲ್ಲಿ ಸುಮಾರು 70 ಕೋಟಿ. (ಇಷ್ಟು ದುಡ್ಡನ್ನು ಅವಮಾನ ಅಂತ ಕರೆಯುವವನ ಪರವಾಗಿ ನಾನ್ಯಾಕೆ ಬಿಪಿ ಏರಿಸಿಕೊಳ್ತಿದೀನೋ, ನನಗೂ ಗೊತ್ತಿಲ್ಲ. ನನ್ನ ಇನ್‌ಕ್ರಿಮೆಂಟ್ ಕಥೆ ಕೇಳಿದ್ರೆ ಅವನೇ ಅಳ್ತಾನೆ.) ತಂಡ ಎರಡು ವರ್ಷಕ್ಕೆ 45 ಮಿಲಿಯನ್ ಅಂದಿತು, ಆಮೇಲೆ ಮೂರು ವರ್ಷಕ್ಕೆ 75 ಮಿಲಿಯನ್ ಅಂದಿತು ಅಂತೆಲ್ಲ ಪೇಪರಿನಲ್ಲಿ ಬಂತು. ಕೇಳೋಕೆ ಚೆಂದ, ಅಲ್ವಾ? ಆದ್ರೆ ಕೊನೆಯ ವರ್ಷದ ಕೀಲಿಕೈ ತಂಡದ ಜೇಬಿನಲ್ಲಿ. ಬೇಕಿದ್ದರೆ ಇಟ್ಟುಕೊಳ್ತೀವಿ, ಬೇಡವಾದರೆ ಬಿಡ್ತೀವಿ. ಹುಡುಗ ಒಪ್ಪಲಿಲ್ಲ.

ಹಾಗಾದ್ರೆ ಬೇರೆ ತಂಡಕ್ಕೆ ಹೋಗಬಹುದಿತ್ತಲ್ಲ ಅಂತೀರಾ? ಫ್ರೀ ತಾನೇ? ಆ ಬೇಸಿಗೆ ಇಡೀ ಲೀಗ್‌ನಲ್ಲಿ ಜೇಬಲ್ಲಿ ಸರಿಯಾಗಿ ಜಾಗ ಇದ್ದದ್ದು ಬ್ರೂಕ್ಲಿನ್ ನೆಟ್ಸ್ ಒಂದಕ್ಕೇ. 30 ತಂಡಗಳ ಸಂತೆಗೆ ಒಬ್ಬನೇ ಗಿರಾಕಿ, ಅವನೂ ತರಕಾರಿ ಮುಟ್ಟಿ ನೋಡಿ ಮುಂದೆ ಹೋಗುವವನು.

ಉಳಿದವರ ಕೈಯನ್ನು ಕಟ್ಟಿದ್ದು ಸ್ಯಾಲರಿ ಕ್ಯಾಪ್, ಅಂದ್ರೆ ತಂಡದ ಎಲ್ಲ ಆಟಗಾರರ ಸಂಬಳ ಸೇರಿಸಿ ಹಾಕಿದ ಗೆರೆ. ತನ್ನದೇ ಆಟಗಾರನಿಗಾದರೆ ಅದನ್ನು ದಾಟಬಹುದು, ಹೊರಗಿನವನಿಗೆ ದೊಡ್ಡ ಸಂಬಳ ಕೊಡಬೇಕಾದರೆ ಗೆರೆಯೊಳಗೆ ಜಾಗ ಇರಬೇಕು. ಈ ವ್ಯವಸ್ಥೆಯ ವೇಷಭೂಷಣವೇ ಒಂದು ತಮಾಷೆ. 2025-26ಕ್ಕೆ ಕ್ಯಾಪ್ 154.6 ಮಿಲಿಯನ್ ಡಾಲರ್. ಕ್ಯಾಪ್ ಅಂದ್ರೆ ಮಿತಿ ಅಂತ ನೀವು ಅಂದ್ಕೊಂಡ್ರೆ ನಿಮಗೆ ಟೋಪಿ ಬಿತ್ತು ಅಂತಲೇ ಅರ್ಥ, ಯಾಕಂದ್ರೆ ಹೆಚ್ಚುಕಮ್ಮಿ ಎಲ್ಲರೂ ಅದನ್ನು ದಾಟಿಯೇ ಇರ್ತಾರೆ. ಅದರ ಮೇಲೆ 187.9ರಲ್ಲಿ ಲಕ್ಷುರಿ ಟ್ಯಾಕ್ಸ್, ದಾಟಿದವರು ದಂಡ ಕಟ್ಟಬೇಕು. ಅದರ ಮೇಲೆ 195.9ರಲ್ಲಿ ಮೊದಲ ಏಪ್ರನ್. 207.8ರಲ್ಲಿ ಎರಡನೇ ಏಪ್ರನ್. ಒಂದೊಂದು ಏಪ್ರನ್ ದಾಟಿದಂತೆಲ್ಲ ನಿರ್ಬಂಧ ಇನ್ನಷ್ಟು ಬಿಗಿ. ತಲೆಗೆ ಟೋಪಿ, ಸೊಂಟಕ್ಕೆ ಎರಡೆರಡು ಏಪ್ರನ್ ಕಟ್ಟಿಕೊಂಡು ನಿಂತವರು ಅಡುಗೆ ಭಟ್ಟರಲ್ಲ, ಕೋಟಿಗಟ್ಟಲೆ ಡಾಲರಿನ ತಂಡದ ಜನರಲ್ ಮ್ಯಾನೇಜರ್‌ಗಳು.

ದುಡ್ಡು ಇಲ್ಲದಿದ್ದರೇನು, ಆಟಗಾರರನ್ನು ಅದಲುಬದಲು ಮಾಡಬಹುದು. ಹಳೇ ತಂಡ ಸಹಿ ಹಾಕಿಸಿಕೊಂಡು ಕೂಡಲೇ ಬೇರೆ ತಂಡಕ್ಕೆ ಕೊಡುವುದು, ಹೆಸರು ಸೈನ್ ಅಂಡ್ ಟ್ರೇಡ್. ಸ್ಯಾಕ್ರಮೆಂಟೊದವರು ಬಂದರು, ಫೀನಿಕ್ಸ್‌ನವರೂ ಬಂದರು. ಇಲ್ಲಿ ನನಗೆ ಬಹಳ ಇಷ್ಟವಾದ ನಿಯಮ ಒಂದಿದೆ. ಕ್ಯಾಪ್ ದಾಟಿದ ತಂಡವೊಂದು ತನ್ನ ಆಟಗಾರನ ಸಂಬಳವನ್ನು ಒಮ್ಮೆಲೇ ಜಾಸ್ತಿ ಮಾಡಿ, ಸಹಿ ಹಾಕಿಸಿ, ಹಾಗೇ ಟ್ರೇಡ್ ಮಾಡಿದರೆ ಲೆಕ್ಕ ಹೀಗೆ: 20 ಮಿಲಿಯನ್‌ನ ಆಟಗಾರ ಗೇಟು ದಾಟಿ ಹೊರಗೆ ಹೋಗುವಾಗ 10 ಮಿಲಿಯನ್. ಅದೇ ಆಟಗಾರ ಆ ಕಡೆ ಗೇಟಿನಲ್ಲಿ ಒಳಗೆ ಹೋಗುವಾಗ 20 ಮಿಲಿಯನ್. ಒಬ್ಬನೇ ಮನುಷ್ಯ, ಅದೇ ದಿನ, ಎರಡು ತೂಕ. ಗುಜರಿ ಅಂಗಡಿಯವನು ಹಳೇ ಪೇಪರ್ ತೂಗುವಾಗಲಾದರೂ ಹೆಬ್ಬೆರಳನ್ನು ತಕ್ಕಡಿ ಮೇಲೆ ಮೆಲ್ಲಗೆ ಇಡುತ್ತಾನೆ, ನಾವು ನೋಡಿದರೆ ತೆಗೆಯುತ್ತಾನೆ. ಇಲ್ಲಿ ಹೆಬ್ಬೆರಳನ್ನೇ ನಿಯಮಪುಸ್ತಕದಲ್ಲಿ ಅಚ್ಚು ಹಾಕಿಸಿದ್ದಾರೆ. ಎರಡೂ ಕಡೆ ಸಂಬಳ ತಾಳೆ ಆಗಬೇಕು ಅಂತ ಬೇರೆ ಇನ್ನೊಂದು ನಿಯಮ. ಹೇಗೆ ಆಗುತ್ತೆ?

ಆಗಲಿಲ್ಲ. ಜುಲೈ ಹೋಯಿತು, ಆಗಸ್ಟ್ ಹೋಯಿತು. ಈ ಒಬ್ಬನ ಲೆಕ್ಕ ಮುಗಿಯದೆ ವಾರಿಯರ್ಸ್‌ಗೆ ಬೇರೆ ಯಾರ ಲೆಕ್ಕವನ್ನೂ ಶುರು ಮಾಡಲು ಆಗಲಿಲ್ಲ. 39 ವರ್ಷದ ಹಿರಿಯ ಆಟಗಾರ ಅಲ್ ಹಾರ್ಫರ್ಡ್ ಬರ್ತಾರಂತೆ ಅಂತ ಊರಿಗೆಲ್ಲ ಗೊತ್ತು, ಸಹಿ ಮಾತ್ರ ಇಲ್ಲ. ಮದುವೆ ಮನೆಯಲ್ಲಿ ಹಿರಿಯಣ್ಣನ ಮಾತುಕತೆ ಮುಗಿಯಲಿ ಅಂತ ಮಿಕ್ಕವರೆಲ್ಲ ಜಗಲಿ ಮೇಲೆ ಕಾದ ಹಾಗೆ. ಬೇರೆ ಊರಿನಲ್ಲೂ ಇದೇ ಪಾಡು. ಬ್ರೂಕ್ಲಿನ್‌ನ ಕ್ಯಾಮ್ ಥಾಮಸ್, ಫಿಲಡೆಲ್ಫಿಯಾದ ಕ್ವೆಂಟಿನ್ ಗ್ರೈಮ್ಸ್ ಇಬ್ಬರೂ ಬೇಸತ್ತು ಆ ಸಣ್ಣ ಕಾಗದಕ್ಕೇ, ಅಂದ್ರೆ ಕ್ವಾಲಿಫೈಯಿಂಗ್ ಆಫರ್‌ಗೇ, ಸಹಿ ಹಾಕಿದರು. ಶಿಕಾಗೋದ ಜಾಶ್ ಗಿಡ್ಡಿಗೆ ನಾಲ್ಕು ವರ್ಷಕ್ಕೆ 100 ಮಿಲಿಯನ್ ಸಿಕ್ಕಿತು, ಅದೂ ಸೆಪ್ಟೆಂಬರ್‌ನಲ್ಲಿ.

ಕುಮಿಂಗಾ ಕೊನೆಗೆ ಒಪ್ಪಿದ್ದು ಸೆಪ್ಟೆಂಬರ್ 30ಕ್ಕೆ, ಕ್ವಾಲಿಫೈಯಿಂಗ್ ಆಫರ್ ಒಪ್ಪುವ ಗಡುವಿನ ಹಿಂದಿನ ದಿನ. ಎರಡು ವರ್ಷಕ್ಕೆ 48.5 ಮಿಲಿಯನ್ ವರೆಗೆ, ಎರಡನೇ ವರ್ಷದ ಕೀಲಿಕೈ ಮತ್ತೆ ತಂಡದ ಜೇಬಲ್ಲೇ. ಮೊದಲ ವರ್ಷಕ್ಕೆ 22.5 ಮಿಲಿಯನ್. ಅವನ ಆಟ ಇಷ್ಟಕ್ಕೇ ಬಾಳುತ್ತೆ ಅಂತ ಯಾರಾದರೂ ಅಳೆದು ಕೊಟ್ಟದ್ದಾ ಇದು? ನನಗೆ ಹಾಗೆ ಅನ್ನಿಸಲ್ಲ. ಮುಂದೆ ಟ್ರೇಡ್ ಮಾಡುವಾಗ ಆ ಕಡೆಯ ದುಬಾರಿ ಆಟಗಾರನ ಸಂಬಳಕ್ಕೆ ಸರಿಹೊಂದುವಷ್ಟು ದಪ್ಪ ಇರಬೇಕಲ್ಲ, ಅದಕ್ಕೆ ಅಷ್ಟು. ಅಂದ್ರೆ ಮನೆಗೆ ಸ್ವಾಗತ ಅಂತ ಆರತಿ ಎತ್ತುವಾಗಲೇ ಬೀಗರ ಮನೆಗೆ ಕಳಿಸೋ ಬಸ್ಸಿಗೆ ಟಿಕೆಟ್ ಬುಕ್ ಆಗಿತ್ತು. ಟ್ರೇಡ್ ಮಾಡಲು ಅನುಮತಿ ಇದ್ದದ್ದು 2026ರ ಜನವರಿ 15ರಿಂದ. ಅಷ್ಟರಲ್ಲಿ ಹುಡುಗ ಮತ್ತೆ ಬೆಂಚ್ ಮೇಲೆ. ಜನವರಿ 15ರಂದೇ ಅವನು ನನ್ನನ್ನು ಕಳಿಸಿ ಅಂದ. ಫೆಬ್ರುವರಿಯಲ್ಲಿ ಅಟ್ಲಾಂಟಾಕ್ಕೆ ಕಳಿಸಿದರು, ಬದಲಿಗೆ ಆ ಕಡೆಯ ದುಬಾರಿ ಆಟಗಾರ ಕ್ರಿಸ್ಟಾಪ್ಸ್ ಪೊರ್ಜಿಂಗಿಸ್ ಬಂದ. ಮೂರು ತಿಂಗಳು ಜಗಳಾಡಿ ಸಹಿ ಹಾಕಿಸಿದ ಸಂಸಾರ, ನಾಲ್ಕೇ ತಿಂಗಳಲ್ಲಿ ಚೂರುಪಾರು.

ಇದು ವಾರಿಯರ್ಸ್ ಒಬ್ಬರ ಕಾಯಿಲೆ ಅಂದ್ಕೋಬೇಡಿ. 2022ರಲ್ಲಿ ಫೀನಿಕ್ಸ್ ತನ್ನ ಡಿಆಂಡ್ರೆ ಏಟನ್‌ಗೆ ದೊಡ್ಡ ಸಂಬಳ ಕೊಡಲು ಮೀನಮೇಷ ಎಣಿಸುತ್ತಿತ್ತು. ಇಂಡಿಯಾನಾ ನಾಲ್ಕು ವರ್ಷಕ್ಕೆ 133 ಮಿಲಿಯನ್ ಅಂತ ಬರೆದುಕೊಟ್ಟ ಕೂಡಲೇ ಫೀನಿಕ್ಸ್ ಅದನ್ನೇ ಮ್ಯಾಚ್ ಮಾಡಿತು. ಪಕ್ಕದ ಮನೆಯವರು ನೋಡಿದರು ಅಂತ ಸೀರೆ ಚೆಂದ ಕಂಡ ಹಾಗೆ. ಮುಂದಿನ ವರ್ಷ ಅವನನ್ನೇ ಪೋರ್ಟ್‌ಲೆಂಡ್‌ಗೆ ಸಾಗಹಾಕಿತು.

ಆದ್ರೆ ನನ್ನ ಪ್ರಕಾರ ಮೊದಲ ಬಹುಮಾನ ಪೋರ್ಟ್‌ಲೆಂಡ್‌ಗೇ ಸಲ್ಲಬೇಕು. 2016ರಲ್ಲಿ ಬ್ರೂಕ್ಲಿನ್ ನೆಟ್ಸ್ ಪೋರ್ಟ್‌ಲೆಂಡ್‌ನ ಆಲೆನ್ ಕ್ರ್ಯಾಬ್‌ಗೆ ನಾಲ್ಕು ವರ್ಷಕ್ಕೆ 75 ಮಿಲಿಯನ್ ಆಫರ್ ಕೊಟ್ಟಿತು. ಪೋರ್ಟ್‌ಲೆಂಡ್‌ನವರು ಎದೆ ತಟ್ಟಿ, ನಾವೇ ಕೊಡ್ತೀವಿ ಅಂದರು. ಹಾಗೆ ಮ್ಯಾಚ್ ಮಾಡಿದ ಮೇಲೆ ಆಫರ್ ಕೊಟ್ಟ ತಂಡಕ್ಕೇ ಅವನನ್ನು ಒಂದು ವರ್ಷ ಟ್ರೇಡ್ ಮಾಡುವಂತಿಲ್ಲ ಅಂತ ನಿಯಮ. ಒಂದು ವರ್ಷ ಕಳೆದು ಎರಡು ವಾರ ಆಗಿತ್ತಷ್ಟೆ, 2017ರ ಜುಲೈನಲ್ಲಿ ಅವನನ್ನು ಎಲ್ಲಿಗೆ ಕಳಿಸಿದರು ಹೇಳಿ? ಅದೇ ಬ್ರೂಕ್ಲಿನ್‌ಗೆ. ಹಿಂದಿನ ವರ್ಷ ಸುಮ್ನೆ ಬಿಟ್ಟಿದ್ದರೆ ಒಂದು ಪೈಸೆ ಖರ್ಚಿಲ್ಲದೆ ಹೋಗುತ್ತಿದ್ದ. ಈಗ ಲೆಕ್ಕ ಸರಿದೂಗಿಸಲು ಬ್ರೂಕ್ಲಿನ್‌ನಿಂದ ಆಂಡ್ರ್ಯೂ ನಿಕಲ್ಸನ್ ಅನ್ನುವವನನ್ನು ತಗೊಂಡರು. ತಗೊಂಡು, ಒಂದೇ ಒಂದು ಪಂದ್ಯ ಆಡಿಸದೆ ಮನೆಗೆ ಕಳಿಸಿದರು. ಅವನಿಗೆ ಕೊಡಬೇಕಿದ್ದ ಮೂರು ವರ್ಷದ ಬಾಕಿಯನ್ನು ನಿಯಮದ ಪ್ರಕಾರ ಏಳು ವರ್ಷಕ್ಕೆ ಎಳೆದರು, ವರ್ಷಕ್ಕೆ 2.8 ಮಿಲಿಯನ್ ಹಾಗೆ.

ನಿಕಲ್ಸನ್ ಚೀನಾಕ್ಕೆ ಹೋಗಿ ಆಡಿದ, ಆಮೇಲೆ ದಕ್ಷಿಣ ಕೊರಿಯಾಕ್ಕೆ ಹೋಗಿ ಆಡಿದ. ಅಷ್ಟೊತ್ತಿಗೆ ಕ್ರ್ಯಾಬ್ ಎನ್‌ಬಿಎ ಬಿಟ್ಟೇ ಹೋಗಿದ್ದ. ಪೋರ್ಟ್‌ಲೆಂಡ್ ಮಾತ್ರ ತಪ್ಪದೆ ಕಂತು ಕಟ್ಟುತ್ತಾ ಇತ್ತು. ಕೊನೆಯ ಕಂತು 2023-24ರ ಲೆಕ್ಕದಲ್ಲಿದೆ.