ಇವತ್ತು ರಾತ್ರಿ ಎಲ್ಲಿ ಮಲಗುತ್ತೀ?

ಬಾಂದ್ರಾದ ಭಾಭಾ ಆಸ್ಪತ್ರೆಗೆ ಹತ್ತಿರದ ಔಷಧಿ ಅಂಗಡಿಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಊರು ಅಫಜಲಪುರ ತಾಲ್ಲೂಕಿನಲ್ಲಿ. ಮುಂಬೈಯಲ್ಲಿ ಕನ್ನಡದವನೆಂದರೆ ಹೋಟೆಲಿನವನೇ ಇರಬೇಕೆಂದು ಇಲ್ಲಿಯವರ ನಂಬಿಕೆ. ಇಡ್ಲಿ ಬಿಟ್ಟು ಗುಳಿಗೆ ಯಾಕೆ ಮಾರುತ್ತೀ ಎಂದು ಇಂದಿಗೂ ಕೇಳುತ್ತಾರೆ. ಆದರೆ ಈ ನಗರದ ಕಟ್ಟಡ ಕೆಲಸದಲ್ಲಿ, ರಸ್ತೆ ಅಗೆದ ಗುಂಡಿಗಳಲ್ಲಿ ಕಿವಿಗೆ ಬೀಳುವುದು ನಮ್ಮ ಕಲಬುರಗಿ, ವಿಜಯಪುರದ ಕನ್ನಡ.

ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಕರೆ ಬಂತು. ಕಾಂಕ್ರೀಟ್ ಹೊರುವ ಹೆಂಗಸೊಬ್ಬಳು ಮಣಿಕಟ್ಟು ಊದಿಸಿಕೊಂಡು ಬಂದಿದ್ದಾಳೆ, ಹಿಂದಿಯೂ ಬಾರದು, ಮರಾಠಿಯೂ ಬಾರದು, ನೀವು ಬಂದು ನಾಲ್ಕು ಮಾತು ಕೇಳಿ ಹೇಳಿ ಎಂದರು. ಹೋದೆ. "ಮೋರಿಯಲ್ಲಿ ಜಾರಿ ಬಿದ್ದೆ ಅಣ್ಣಾ" ಎಂದಳು. ನಾನು ಹಾಗೆಯೇ ಹೇಳಿದೆ. ನರ್ಸು ಕೇಸ್ ಪೇಪರಿನ ಹಿಂದಿನ ಹಾಳೆ ತಿರುವಿದಳು. ಮಾರ್ಚಿಯಲ್ಲೂ ಜಾರಿ ಬಿದ್ದಿದ್ದಳು, ಜೂನಿನಲ್ಲೂ ಬಿದ್ದಿದ್ದಳು. ವಾದ ಮಾಡಲಿಲ್ಲ, ಗದರಲಿಲ್ಲ. ಪಟ್ಟಿ ಕಟ್ಟಿಸಿ ಇನ್ನೊಂದು ಕೋಣೆಗೆ ಕಳಿಸಿದಳು.

ಆ ಕೋಣೆಯ ಹೆಸರು ದಿಲಾಸಾ. ಧೈರ್ಯ, ಭರವಸೆ ಎಂಬ ಅರ್ಥದ ಮಾತು. ಮುಂಬೈ ಪಾಲಿಕೆಯ ಆರೋಗ್ಯ ಇಲಾಖೆ ಮತ್ತು ಸೇಹತ್ ಎಂಬ ಸಂಶೋಧನಾ ಸಂಸ್ಥೆ ಸೇರಿ 2000ದ ದಶಕದ ಆರಂಭದಲ್ಲಿ ಇದೇ ಆಸ್ಪತ್ರೆಯಲ್ಲಿ ಶುರು ಮಾಡಿದ್ದು. ಆಮೇಲೆ ಪಾಲಿಕೆಯ ಬೇರೆ ಆಸ್ಪತ್ರೆಗಳಿಗೂ ಹಬ್ಬಿತು. ಅದರ ಹಿಂದಿನ ವಿಚಾರ ಸರಳ. ಪೆಟ್ಟು ತಿಂದ ಹೆಂಗಸು ಪೊಲೀಸ್ ಠಾಣೆಗೆ ಹೋಗದಿದ್ದರೂ ಆಸ್ಪತ್ರೆಗೆ ಬಂದೇ ಬರುತ್ತಾಳೆ. ಪೆಟ್ಟಿಗೆ ಬಾರದಿದ್ದರೆ ತಲೆನೋವಿಗೆ, ನಿದ್ದೆ ಬಾರದ್ದಕ್ಕೆ, "ತಪ್ಪಿ ಕುಡಿದ" ತಿಗಣೆ ಔಷಧಿಗೆ ಬರುತ್ತಾಳೆ. ಆಕೆ ಬಾಯಿ ಬಿಡುವವರೆಗೆ ಕಾಯದೆ, ಬಂದ ಜಾಗದಲ್ಲೇ ಮೆಲ್ಲಗೆ ಕೇಳಲು ದಾದಿಯರಿಗೆ, ವೈದ್ಯರಿಗೆ ಕಲಿಸಬೇಕು. ಅಷ್ಟೇ.

ಒಳಗಿದ್ದ ಆಪ್ತ ಸಲಹೆಗಾರ್ತಿಯನ್ನು ಎಲ್ಲರೂ "ತಾಈ" ಎಂದು ಕರೆಯುತ್ತಿದ್ದರು. ಮರಾಠಿಯಲ್ಲಿ ಅಕ್ಕ ಎಂದರ್ಥ. ನಮ್ಮವಳಿಗೆ ಅದು ತಾಯಿ ಎಂದೇ ಕೇಳಿಸಿತು. ತನಗಿಂತ ಚಿಕ್ಕ ವಯಸ್ಸಿನ ಹುಡುಗಿಯನ್ನು ಇಡೀ ಆಸ್ಪತ್ರೆ ತಾಯಿ ಎನ್ನುವುದು ಕಂಡು ಅಂಥ ನೋವಿನಲ್ಲೂ ತುಟಿಯಂಚಿನಲ್ಲಿ ನಕ್ಕಳು. ತಾಈ ಮೊದಲು ಕೇಳಿಸಿದ್ದು, ಈ ಗಂಡಸು ಇಲ್ಲಿ ಕೂತರೆ ನಿನಗೆ ಅಡ್ಡಿಯಿಲ್ಲವೇ ಎಂದು. ಆಕೆ ಒಪ್ಪಿದ ಮೇಲೂ ನನ್ನ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ ಹಾಕಿದಳು.

ಗೋಡೆ ನೋಡುತ್ತಾ ಕೂತು ನಾನೊಂದು ತಪ್ಪು ಮಾಡಿದೆ. ಹೆಂಗಸು ಬಹಳ ಹೊತ್ತಿನ ಮೇಲೆ "ಕೈ ಮಾಡಿದ" ಎಂದಳು. ನಾನು ಹಿಂದಿಯಲ್ಲಿ, ಗಂಡ ಸಿಟ್ಟಿನಲ್ಲಿ ಸ್ವಲ್ಪ ಕೈ ಎತ್ತಿದನಂತೆ ಎಂದೆ. ಆಕೆ ಸಿಟ್ಟಿನಲ್ಲಿ ಎಂದಿರಲಿಲ್ಲ, ಸ್ವಲ್ಪ ಎಂದೂ ಅಂದಿರಲಿಲ್ಲ. ಆ ಎರಡು ಮಾತು ನನ್ನ ಬಾಯಲ್ಲಿ ತಾವಾಗಿಯೇ ಬಂದು ಕೂತಿದ್ದವು. ತಾಈ ಕೇಳಿದಳು: ಯಾವುದರಿಂದ? ಉತ್ತರ ಬಂತು: ಸಲಿಕೆಯ ಹಿಡಿಯಿಂದ.

ಮುಂದಿನ ಪ್ರಶ್ನೆಯನ್ನು ನಾನು ಇವತ್ತಿಗೂ ಮರೆತಿಲ್ಲ. "ಇವತ್ತು ರಾತ್ರಿ ಎಲ್ಲಿ ಮಲಗುತ್ತೀ?" ಯಾಕೆ ಹೊಡೆದ, ನೀನೇನು ಅಂದೆ, ಮಕ್ಕಳೆಷ್ಟು, ಯಾವುದೂ ಅಲ್ಲ. ಮನೆಗೆ ಹೋಗಲು ಹೆದರಿಕೆಯಾದರೆ ಒಂದು ರಾತ್ರಿ ವಾರ್ಡಿನಲ್ಲೇ ಇರಿಸಿಕೊಳ್ಳುತ್ತೇವೆ ಎಂದಳು. ಆಕೆ ಬೇಡವೆಂದಳು, ಮಗು ಶೆಡ್ಡಿನಲ್ಲಿತ್ತು. ಸರಿ, ಹಾಗಾದರೆ ಜಗಳ ಶುರುವಾದರೆ ಯಾವ ಕಡೆ ಓಡುತ್ತೀ, ಪಕ್ಕದ ಶೆಡ್ಡಿನಲ್ಲಿ ಯಾರು ಬಾಗಿಲು ತೆರೆಯುತ್ತಾರೆ, ಯಾವ ನಂಬರ್ ಬಾಯಿಪಾಠ ಇದೆ, ಆಧಾರ್ ಕಾರ್ಡು, ರೇಷನ್ ಕಾರ್ಡಿನ ಜೆರಾಕ್ಸ್ ಯಾರ ಹತ್ತಿರ ಇಡುತ್ತೀ ಎಂದು ಒಂದೊಂದಾಗಿ ಕೇಳಿದಳು. ಬಿಟ್ಟು ಬಾ ಎನ್ನಲಿಲ್ಲ. ಹೊಂದಿಕೊಂಡು ಹೋಗು ಎಂದೂ ಹೇಳಲಿಲ್ಲ.

ನಮ್ಮೂರಿನಲ್ಲಿ ಇಂಥ ಮಾತು ನಡೆಯುತ್ತಿದ್ದುದು ಕಟ್ಟೆಯ ಮೇಲೆ. ನನ್ನ ದೊಡ್ಡಪ್ಪ ಹತ್ತಾರು ಪಂಚಾಯಿತಿ ಮಾಡಿದವರು. ಒಳ್ಳೆಯ ಮನುಷ್ಯ, ಯಾರ ಹತ್ತಿರವೂ ಚಹಾ ಕೂಡ ಕುಡಿಯದೆ ತೀರ್ಮಾನ ಹೇಳುತ್ತಿದ್ದರು. ಆದರೆ ಅವರ ಮೊದಲ ಪ್ರಶ್ನೆ ಯಾವಾಗಲೂ "ಯಾಕೆ ಹೊಡೆದೆ?" ಎಂದಿರುತ್ತಿತ್ತು. ಯಾಕೆ ಎಂದು ಕೇಳಿದ ಕೂಡಲೇ ಕಾರಣವೊಂದು ಇದ್ದೇ ಇರುತ್ತದೆ. ಸಾರಿಗೆ ಉಪ್ಪು ಹೆಚ್ಚಾಗಿತ್ತು, ಎದುರು ಮಾತಾಡಿದಳು, ಕೇಳದೆ ತವರಿಗೆ ಹೋದಳು. ಕೊನೆಗೆ ಇಬ್ಬರಿಗೂ ಬುದ್ಧಿ ಹೇಳಿ ರಾಜಿ ಮಾಡಿಸುತ್ತಿದ್ದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಅವರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ. ಆದರೂ ಕಟ್ಟೆಯನ್ನು ಪೂರಾ ತೆಗೆದುಹಾಕಲು ನನಗೆ ಮನಸ್ಸಿಲ್ಲ. ನಾಲ್ಕು ಜನರೆದುರು ನಿಲ್ಲಬೇಕಾಗುತ್ತದೆ ಎಂಬ ಅಂಜಿಕೆಯಾದರೂ ಅಲ್ಲಿ ಗಂಡನಿಗಿತ್ತು. ಇಲ್ಲಿ ಚಾಳಿನ ಗೋಡೆ ತೆಳ್ಳಗಿದ್ದರೂ ಪಕ್ಕದ ಮನೆಯವರು ಟಿವಿಯ ಸದ್ದು ಹೆಚ್ಚಿಸುತ್ತಾರೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ಹೆಂಗಸರು ಮಹಾರಾಷ್ಟ್ರದಲ್ಲಿ ಶೇ 25.2, ಕರ್ನಾಟಕದಲ್ಲಿ ಶೇ 44.4. ಅದರ ಹಿಂದಿನ ಸಮೀಕ್ಷೆಯಲ್ಲಿ ನಮ್ಮದು ಶೇ 20.6 ಇತ್ತು. ನಾಲ್ಕೈದು ವರ್ಷಗಳಲ್ಲಿ ನಮ್ಮ ಗಂಡಸರು ಎರಡು ಪಟ್ಟು ಕೆಟ್ಟರೇ, ಅಥವಾ ನಮ್ಮ ಹೆಂಗಸರು ಬಾಯಿ ಬಿಡಲು ಕಲಿತರೇ? ಎರಡನೆಯದೇ ಇರಲಿ ಎಂದು ನನ್ನ ಆಸೆ. ಹಾಗಿದ್ದರೂ ಬಾಯಿ ಬಿಟ್ಟವರಿಗೆ ಹತ್ತಿರದಲ್ಲಿ ಒಂದು ಕೋಣೆ ಬೇಕಲ್ಲ. ನಮ್ಮಲ್ಲಿ ಏನೂ ಇಲ್ಲವೆಂದಲ್ಲ. ಪೆಟ್ಟು ತಿಂದ ಹೆಂಗಸರ ನೆರವಿಗೆ ಸಾಂತ್ವನ ಕೇಂದ್ರಗಳಿವೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಗೆಳತಿ ಘಟಕಗಳಾದವು, ಆಮೇಲೆ ಸಖಿ ಕೇಂದ್ರಗಳು ಬಂದವು. ಹೆಸರಿಡುವುದರಲ್ಲಿ ನಮ್ಮ ಸರ್ಕಾರವನ್ನು ಮೀರಿಸುವವರಿಲ್ಲ. ಆದರೆ ಹಳ್ಳಿಯ ಹೆಂಗಸು ಮಣಿಕಟ್ಟು ಹಿಡಿದುಕೊಂಡು ಹೋಗುವುದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಅಲ್ಲಿಯ ದಾದಿ ಹಳೆಯ ಚೀಟಿ ತಿರುವಿ ನೋಡುತ್ತಾಳೆಯೇ? ಕೌಟುಂಬಿಕ ಹಿಂಸೆ ಕಾಯ್ದೆಯ ಸಂರಕ್ಷಣಾಧಿಕಾರಿ ಎಂದರೆ ನಮ್ಮಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ. ಅಂಗನವಾಡಿಯ ಮೊಟ್ಟೆ ಲೆಕ್ಕದ ನಡುವೆ ಅವರು ಇದನ್ನೂ ನೋಡಬೇಕು. ಒಂದು ಮಾತು ಮಾತ್ರ ನಮ್ಮ ಕಡೆಗೆ ಹೇಳಲೇಬೇಕು: 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಪುಕ್ಕಟೆ. ಮಹಾರಾಷ್ಟ್ರದ ಎಸ್‌ಟಿ ಬಸ್ಸಿನಲ್ಲಿ ಅರ್ಧ ಟಿಕೆಟ್ಟು. ಗಂಡನ ಹತ್ತಿರ ಹಣ ಕೇಳದೆ ಕಲಬುರಗಿಯವರೆಗೆ ಹೋಗಿಬರುವುದು ಸಣ್ಣ ಸಂಗತಿಯಲ್ಲ.

ಕುಡಿತದ ವಿಷಯದಲ್ಲಿ ಮಹಾರಾಷ್ಟ್ರದ ಒಂದು ಪದ್ಧತಿ ನನಗೆ ಬಹಳ ಮೆಚ್ಚಿಗೆ. ಊರಿನ ಅಥವಾ ವಾರ್ಡಿನ ಮಹಿಳಾ ಮತದಾರರಲ್ಲಿ ಶೇ 25ರಷ್ಟು ಮಂದಿ ಸಹಿ ಹಾಕಿ ಅರ್ಜಿ ಕೊಟ್ಟರೆ ಸಾರಾಯಿ ಅಂಗಡಿ ಇರಬೇಕೋ ಬೇಡವೋ ಎಂದು ಗುಪ್ತ ಮತದಾನ ನಡೆಯುತ್ತದೆ. ಮತಪತ್ರದಲ್ಲಿ ಎರಡು ಚಿತ್ರ: ನಿಂತ ಬಾಟಲಿ, ಅಡ್ಡಬಿದ್ದ ಬಾಟಲಿ. ಮರಾಠಿಯಲ್ಲಿ ಉಭೀ ಬಾಟಲಿ, ಆಡವೀ ಬಾಟಲಿ. ಅಂಗಡಿ ಮುಚ್ಚಬೇಕಾದರೆ ಒಟ್ಟು ಮಹಿಳಾ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಡವೀಗೆ ಒತ್ತಬೇಕು. ಅಂದರೆ ಮನೆಯಲ್ಲಿ ಉಳಿದವಳ ಮತ ನಿಂತ ಬಾಟಲಿಗೇ ಬಿದ್ದಂತೆ. ಕಷ್ಟದ ಷರತ್ತು, ಆದರೂ ಅದೊಂದು ದಾರಿ. 2019ರ ಜನವರಿಯಲ್ಲಿ ನಮ್ಮ ಹೆಂಗಸರು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದುಹೋದರು. ಇಲ್ಲಿ ಮತಗಟ್ಟೆಗೆ ನಡೆದರೆ ಆಗುವ ಕೆಲಸಕ್ಕೆ ಅಲ್ಲಿ ರಾಜಧಾನಿಯವರೆಗೆ ಕಾಲು ಸವೆಸಬೇಕು. ಬಾಟಲಿ ಅಡ್ಡಬಿದ್ದ ಮಾತ್ರಕ್ಕೆ ಎತ್ತಿದ ಕೈ ಇಳಿಯುತ್ತದೆ ಎಂದು ನಾನು ಹೇಳಲಾರೆ. ನಮ್ಮ ಸಲಿಕೆಯ ಹಿಡಿಯವನು ಕುಡಿಯುವವನೇ ಅಲ್ಲ.

ಹೆಣ್ಣುಮಕ್ಕಳ ಮದುವೆಯ ವಿಷಯಕ್ಕೆ ಬಂದರೆ ಲೆಕ್ಕ ತಿರುಗುತ್ತದೆ. ಕರ್ನಾಟಕ 2017ರಲ್ಲಿ ಜಾರಿಗೆ ತಂದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಮಹಾರಾಷ್ಟ್ರದಲ್ಲಿ ಕೇಂದ್ರದ ಕಾಯ್ದೆಯಂತೆ, ಮದುವೆಯಾದ ಮಗುವೇ ನ್ಯಾಯಾಲಯಕ್ಕೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. ನಮ್ಮೂರಿನಲ್ಲಿ ಅಂಗನವಾಡಿ ಕಾರ್ಯಕರ್ತೆಯೊಬ್ಬಳು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಹಂದರ ಹಾಕಿದ್ದ ಮದುವೆಯನ್ನು ಹಿಂದಿನ ದಿನ ನಿಲ್ಲಿಸಿದಳು. ಆ ಮನೆಯವರು ಏನು ಮಾಡಿದರು ಗೊತ್ತೇ? ಮೂರು ವಾರ ಬಿಟ್ಟು ಹುಡುಗಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ಗಡಿಯಾಚೆ ಮಹಾರಾಷ್ಟ್ರದ ಅಕ್ಕಲಕೋಟೆ ಕಡೆಯ ಗುಡಿಯೊಂದಕ್ಕೆ ಹೋದರು. ಅಲ್ಲಿಯೂ ಜನ ಕನ್ನಡವನ್ನೇ ಆಡುತ್ತಾರೆ, ಸರ್ಕಾರ ಮಾತ್ರ ಬೇರೆ. ತಾಳಿ ಬಿತ್ತು. ಅದೇ ಸಮೀಕ್ಷೆಯಲ್ಲಿ, 20ರಿಂದ 24ರ ವಯಸ್ಸಿನ ಹೆಂಗಸರಲ್ಲಿ ಹದಿನೆಂಟರೊಳಗೆ ಮದುವೆಯಾದವರ ಪ್ರಮಾಣ ಎರಡೂ ಕಡೆ ಶೇ 21ರ ಮೇಲೆಯೇ ಇದೆ. ಗಡಿಗಾಗಿ ಅಷ್ಟೊಂದು ಕಾದಾಡಿದ ಎರಡು ಸರ್ಕಾರಗಳು ಈ ಗಡಿಯ ಗುಡಿಗಳ ಬಗ್ಗೆ ಒಂದು ದಿನ ಕೂತು ಮಾತಾಡಿದರೆ ಏನು ಕಳೆದುಕೊಳ್ಳುತ್ತವೆ?

ಅಂದು ಆ ಹೆಂಗಸು ಮಗುವಿಗಾಗಿ ಶೆಡ್ಡಿಗೇ ಹೋದಳು. ಮರುವಾರ ಅಂಗಡಿಗೆ ಬಂದು ಮಡಚಿದ ಒಂದು ಲಕೋಟೆ ಕೊಟ್ಟಳು. ಆಧಾರ್, ರೇಷನ್ ಕಾರ್ಡು, ಮಗುವಿನ ಲಸಿಕೆ ಕಾರ್ಡಿನ ಜೆರಾಕ್ಸ್. "ನಿಮ್ಮ ಹತ್ತಿರ ಇರಲಿ ಅಣ್ಣಾ" ಎಂದಳು. ಗಲ್ಲಾದ ಕೆಳಗಿನ ಡ್ರಾಯರಿನಲ್ಲಿಟ್ಟೆ. ಒಂದು ತಿಂಗಳ ಮೇಲೆ ಆಕೆಯ ಗಂಡ ಮಗುವಿನ ಕೆಮ್ಮಿನ ಔಷಧಿಗೆ ಬಂದ. ಊರ ಕಡೆಯವನೆಂದು ತಿಳಿದು ಬಾಯ್ತುಂಬ ಮಾತಾಡಿದ, ಮಳೆ ಬೆಳೆ ಕೇಳಿದ. ಚಿಲ್ಲರೆ ಕೊಡಲು ಗಲ್ಲಾ ಎಳೆದಾಗ ನನ್ನ ಮೊಣಕಾಲು ಕೆಳಗಿನ ಡ್ರಾಯರನ್ನು ಒತ್ತಿ ಹಿಡಿದಿತ್ತು.