ವಯಸ್ಸಿನ ಮೇಲೆ ಹಾಕಿ ಕೈ ತೊಳೆದುಕೊಳ್ಳಬೇಡಿ

ಇವತ್ತು ಬೆಳಿಗ್ಗೆ ಪರಿಚಯದವರೊಬ್ಬರ ಜೊತೆ ಡಾಕ್ಟರ್ ಹತ್ತಿರ ಹೋಗಿದ್ದೆ. ಅವರಿಗೆ ಅರವತ್ತು ದಾಟಿದೆ. ಫಾಸ್ಟಿಂಗ್ ಶುಗರ್ 118 ಇತ್ತು. ರಿಪೋರ್ಟ್ ನೋಡಿದ ಡಾಕ್ಟರ್, "ವಯಸ್ಸಾಯ್ತಲ್ಲಮ್ಮಾ, ಇದೆಲ್ಲ ಇದ್ದಿದ್ದೇ. ಆರು ತಿಂಗಳು ಬಿಟ್ಟು ಬನ್ನಿ" ಅಂದರು. ಅಷ್ಟೇ. 100 ದಾಟಿದರೆ ಎಚ್ಚರ, 126 ಮುಟ್ಟಿದರೆ ಸಕ್ಕರೆ ಕಾಯಿಲೆ. ನಡುವೆ ನಿಂತಿರುವವರಿಗೆ ಹೇಳುವ ಮಾತಾ ಇದು?

ನಾನು ಇಷ್ಟು ವರ್ಷ ಶರೀರಶಾಸ್ತ್ರ ಪಾಠ ಮಾಡಿದವಳು ಅನ್ನುವುದು ನಿಮಗೆ ಗೊತ್ತೇ ಇದೆ. ಈ ಮಾತು ಕೇಳಿ ಸುಮ್ನೆ ಇರಲು ನನ್ನಿಂದ ಆಗುವುದಿಲ್ಲ.

ಯುರೋಪಿನ ಸಂಶೋಧಕರ ಗುಂಪೊಂದು 1996ರಲ್ಲಿ ವಯಸ್ಸಾದಂತೆ ಇನ್ಸುಲಿನ್ (ರಕ್ತದ ಸಕ್ಕರೆ ಇಳಿಸುವ ಹಾರ್ಮೋನ್) ಕೆಲಸ ಕುಂದುತ್ತದೆಯೇ ಎಂಬ ಪ್ರಶ್ನೆ ಹಿಡಿದು ಹೊರಟಿತ್ತು. ಸಕ್ಕರೆ ಕಾಯಿಲೆ ಇಲ್ಲದ 1146 ಜನ, 18ರಿಂದ 85 ವರ್ಷದವರು. ರಕ್ತಕ್ಕೆ ಇನ್ಸುಲಿನ್ ಬಿಡುತ್ತಾ, ಶುಗರ್ ಇಳಿಯದ ಹಾಗೆ ಗ್ಲೂಕೋಸ್ ಸೇರಿಸುತ್ತಾ ಹೋಗುವ ಕ್ಲ್ಯಾಂಪ್ ಪರೀಕ್ಷೆಯ ಫಲಿತಾಂಶಗಳನ್ನು ನೋಡಿದರು. ಜಾಸ್ತಿ ಗ್ಲೂಕೋಸ್ ಬೇಕಾದರೆ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಅರ್ಥ. ವಯಸ್ಸು ಏರಿದಂತೆ ಕೆಲಸ ಸ್ವಲ್ಪ ಇಳಿದದ್ದು ನಿಜ. ಆದರೆ ಬಿಎಂಐಯನ್ನು (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಲೆಕ್ಕಕ್ಕೆ ತೆಗೆದುಕೊಂಡಾಗ ಆ ಸಂಬಂಧ ಗಣನೆಗೆ ಬರುವಷ್ಟು ಉಳಿಯಲಿಲ್ಲ. ವಯಸ್ಸಿನ ಹೆಸರಲ್ಲಿ ನಾವು ಬೈಯುತ್ತಿರುವುದು ಬಹುಪಾಲು ಸೇರಿಕೊಂಡ ಕೊಬ್ಬನ್ನು.

ಕರಗಿದ ಸ್ನಾಯುವನ್ನೂ ಸೇರಿಸಿ. ಇನ್ಸುಲಿನ್ ಕ್ಲ್ಯಾಂಪ್‌ನಲ್ಲಿ ಗ್ಲೂಕೋಸ್‌ನ ದೊಡ್ಡ ಪಾಲನ್ನು ಎಳೆದುಕೊಳ್ಳುವುದು ಸ್ನಾಯು. 30 ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇ. 3ರಿಂದ 8ರಷ್ಟು ಸ್ನಾಯು ಹೋಗುತ್ತದೆ. ಹೊಟ್ಟೆಯೊಳಗೆ, ಲಿವರ್‌ನಲ್ಲಿ ಕೊಬ್ಬು ಕೂರುತ್ತದೆ. ತೂಕದ ಯಂತ್ರ ಮಾತ್ರ ಹಳೆಯ ಅಂಕಿಯನ್ನೇ ತೋರಿಸುತ್ತಿರಬಹುದು! ರಾತ್ರಿಯೆಲ್ಲ ಲಿವರ್ ರಕ್ತಕ್ಕೆ ಗ್ಲೂಕೋಸ್ ಬಿಡುತ್ತಿರುತ್ತದೆ. ಅದಕ್ಕೆ ಕಡಿವಾಣ ಹಾಕುವುದು ಇನ್ಸುಲಿನ್. ಕೊಬ್ಬು ತುಂಬಿದ ಲಿವರ್ ಅದಕ್ಕೆ ಸರಿಯಾಗಿ ಬಗ್ಗುವುದಿಲ್ಲ. ಬೆಳಿಗ್ಗೆ ಬರಿಹೊಟ್ಟೆಯಲ್ಲೂ ಶುಗರ್ ಜಾಸ್ತಿ ಬರುವುದು ಹೀಗೆ.

ಹಾಗಂತ ದಪ್ಪಗಿರುವವರನ್ನು ಕಂಡ ಕೂಡಲೇ ತೀರ್ಪು ಕೊಡುವುದೂ ನನಗೆ ಆಗಿಬರುವುದಿಲ್ಲ. ಅದೇ ಗುಂಪಿನವರು 1997ರಲ್ಲಿ ತೋರಿಸಿದಂತೆ, ಬೊಜ್ಜಿದ್ದೂ ಕಾಯಿಲೆ ಇಲ್ಲದವರಲ್ಲಿ ಇನ್ಸುಲಿನ್ ಪ್ರತಿರೋಧ (ಇನ್ಸುಲಿನ್ ಮಾತಿಗೆ ಮೈ ಸರಿಯಾಗಿ ಬಗ್ಗದಿರುವುದು) ಇದ್ದದ್ದು ಸುಮಾರು ಕಾಲು ಭಾಗದಲ್ಲಿ ಮಾತ್ರ. ಅದಕ್ಕಿಂತ ಜಾಸ್ತಿ ಜನರಲ್ಲಿ ಕಂಡದ್ದು ಇನ್ಸುಲಿನ್ ಅತಿಯಾಗಿ ಸುರಿಯುವುದು. ಇನ್ನು ಯಾಜ್ಞಿಕ್ ಮತ್ತು ಯುಡ್ಕಿನ್ ಎಂಬ ಇಬ್ಬರು ವೈದ್ಯರು 2004ರಲ್ಲಿ ತಮ್ಮದೇ ಫೋಟೋ ಮುಂದಿಟ್ಟರು. ಇಬ್ಬರ ಬಿಎಂಐಯೂ 22.3. ಒಬ್ಬರ ಮೈಯಲ್ಲಿ ಕೊಬ್ಬು ಶೇ. 9.1, ಇನ್ನೊಬ್ಬರಲ್ಲಿ ಶೇ. 21.2. ತೆಳ್ಳಗಿದ್ದೀರಿ, ನಿಮಗೇನೂ ಆಗಲ್ಲ ಅನ್ನುವವರು ಇದನ್ನು ನೋಡಬೇಕು.

ಹಾಗಾದರೆ ವಯಸ್ಸಿಗೆ ಪಾತ್ರವೇ ಇಲ್ವಾ ಅಂತ ಕೇಳುತ್ತೀರಿ. ಇದೆ. ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ದೊಡ್ಡವರಾದ ಮೇಲೆ ಹೊಸದಾಗಿ ಹುಟ್ಟುವುದು ತೀರಾ ಕಡಿಮೆ. ಸುರಿಸುವ ಶಕ್ತಿಯೂ ನಿಧಾನವಾಗಿ ಇಳಿಯುತ್ತದೆ. ಆದರೆ ಇದು ಸುಮ್ಮನೆ ಕೂರಲು ಕಾರಣವಲ್ಲ, ಬೇಗ ಏಳಲು ಕಾರಣ. ಪ್ರತಿರೋಧ ಹೆಚ್ಚಾದಾಗ ಬೀಟಾ ಕೋಶಗಳು ಜಾಸ್ತಿ ದುಡಿದು ಸರಿದೂಗಿಸುತ್ತವೆ. ಎಷ್ಟೋ ವರ್ಷ ರಿಪೋರ್ಟ್ ನಾರ್ಮಲ್ ಬರುವುದು ಆ ದುಡಿಮೆಯಿಂದ. ಬ್ರಿಟನ್ನಿನ ದೊಡ್ಡ ಅಧ್ಯಯನವಾದ ಯುಕೆಪಿಡಿಎಸ್ ಪ್ರಕಾರ, ಕಾಯಿಲೆ ಪತ್ತೆಯಾಗುವ ಹೊತ್ತಿಗೆ ಬೀಟಾ ಕೋಶಗಳ ಸಾಮರ್ಥ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಕೊಡುವ ಕೈ ಸೋಲುತ್ತಿದ್ದರೆ ಕೇಳುವುದನ್ನು ಕಡಿಮೆ ಮಾಡಬೇಕು, ಅಲ್ವಾ? ಆರು ತಿಂಗಳು ಕಾಯುವುದೇಕೆ?

ನಮ್ಮ ಅಮ್ಮನಿಗೂ ಇದೇ ಮಾತು ಹೇಳಿದ್ದರು. ಅಮ್ಮ ನಂಬಿದರು. "ವಯಸ್ಸಾದ ಮೇಲೆ ಇನ್ನೇನು" ಅಂತ ನಡೆದಾಡುವುದನ್ನೂ ಬಿಟ್ಟರು. ಕಾಲುಗಳು ಬಡವಾದವು, ಶುಗರ್ ಏರಿತು. ಆರೋಗ್ಯವಂತ ಯುವಕರನ್ನೇ ಕೆಲವು ದಿನ ಹಾಸಿಗೆ ಹಿಡಿಸಿದರೆ ಸ್ನಾಯು ಇನ್ಸುಲಿನ್‌ಗೆ ಸ್ಪಂದಿಸುವುದು ಕಡಿಮೆಯಾಗುತ್ತದೆ. ಅಮ್ಮನನ್ನು ಕೂರಿಸಿದ್ದು ಆ ಒಂದು ಮಾತು. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ವಯಸ್ಸಾದವರಿಂದ ಏನೂ ಆಗದು ಅನ್ನುವವರಿಗೆ 2002ರಲ್ಲಿ ಅಮೆರಿಕದ ಅಧ್ಯಯನವೊಂದು ಉತ್ತರ ಕೊಟ್ಟಾಗಿದೆ. ಕಾಯಿಲೆಯ ಅಂಚಿನಲ್ಲಿದ್ದ 3234 ಜನ. ತೂಕದಲ್ಲಿ ಶೇ. 7ರಷ್ಟು ಇಳಿಸುವುದು, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವಂಥ ವ್ಯಾಯಾಮ, ಇಷ್ಟು ಗುರಿ. ಕಾಯಿಲೆ ಬರುವುದು ಶೇ. 58ರಷ್ಟು ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಮಾತ್ರೆಯಿಂದ ಶೇ. 31. ಅರವತ್ತು ದಾಟಿದವರಲ್ಲಿ ಮಾತ್ರೆಯಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ನಡಿಗೆ, ತೂಕ ಇಳಿಕೆಯಿಂದ ಅವರಿಗೇ ಎಲ್ಲರಿಗಿಂತ ಜಾಸ್ತಿ ಲಾಭ, ಶೇ. 71!

ಆದ್ದರಿಂದ ಮನೆಯ ಹಿರಿಯರ ತೂಕದ ಜೊತೆ ಸೊಂಟದ ಸುತ್ತಳತೆಯನ್ನೂ ಅಳೆಯಿರಿ. ನಡಿಗೆಯ ಜೊತೆ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಮಾಡಿಸಿ. ಈಗಾಗಲೇ ಇನ್ಸುಲಿನ್ ಅಥವಾ ಶುಗರ್ ಮಾತ್ರೆಯಲ್ಲಿರುವವರು ವ್ಯಾಯಾಮ ಹೆಚ್ಚಿಸುವ ಮೊದಲು ಡಾಕ್ಟರ್ ಜೊತೆ ಡೋಸ್ ಬಗ್ಗೆ ಮಾತಾಡಿಕೊಳ್ಳಿ. ಕೆಲವು ಔಷಧಿಗಳ ಜೊತೆ ಶುಗರ್ ದಿಢೀರನೆ ಇಳಿದುಬಿಡಬಹುದು.