ದನಿ ಪಲ್ಲವಿಯವರದ್ದು, ಮುಖ ರಶ್ಮಿಯವರದ್ದು

ಶಿರಸಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ದುನಿಯಾ ಸಿನಿಮಾದ ನಾಯಕಿ ಎಂ.ಡಿ. ಪಲ್ಲವಿ. ತನ್ನ ಹಾಡನ್ನು ತಾನೇ ಹಾಡಿದ್ದು.’ ಹಾಡಿದ್ದು ನಿಜ, ನಾಯಕಿ ಅನ್ನೋದು ಸುಳ್ಳು. 2007ರ ಆ ಚಿತ್ರದ ನಾಯಕಿ ರಶ್ಮಿ. ‘ನೋಡಯ್ಯ ಕ್ವಾಟೆ ಲಿಂಗವೇ’ ಹಾಡಿಗೆ ದನಿ ಕೊಟ್ಟವರು ಪಲ್ಲವಿ. ಅದಕ್ಕೆ ರಾಜ್ಯ ಪ್ರಶಸ್ತಿಯೂ ಬಂತು.

ಜನ ತಪ್ಪು ತಿಳಿದದ್ದರಲ್ಲಿ ಆಶ್ಚರ್ಯವೇನಿಲ್ಲ. ಪಲ್ಲವಿ ನಟಿಯೂ ಹೌದಲ್ವಾ? ಟಿ.ಎನ್. ಸೀತಾರಾಂ ಅವರ ‘ಮಾಯಾಮೃಗ’ ಧಾರಾವಾಹಿಯಲ್ಲಿ ಅಭಿನಯಿಸಿದವರು. ಕವಳ ಮೆಲ್ಲುತ್ತಾ ಟಿವಿ ಮುಂದೆ ಕೂತು ಅದನ್ನು ನೋಡಿದ ನಮ್ಮ ಹಿರಿಯರಿಗೆ ಆ ಮುಖ ಚೆನ್ನಾಗಿ ಗೊತ್ತು. ಭಾವಗೀತೆ ಕೇಳುವವರಿಗೆ ದನಿಯ ಪರಿಚಯವೇ ಜಾಸ್ತಿ.

ಸಂದೇಶ ಫಾರ್ವರ್ಡ್ ಮಾಡಿದವರು ಅದರ ಕೆಳಗೇ ಇದನ್ನೂ ಹಾಕಿಬಿಡಿ.